ಹತ್ತರಿಂದ ನಾಲ್ಕರ ನೌಕರಿ

ಹೆದರಿಕೆಗೆ ಹೊತ್ತುಗೊತ್ತು ಇರುವುದಿಲ್ಲ. ಇದು ನನಗೆ ತಿಳಿದದ್ದು ನಿಜಾಮ ಸರ್ಕಾರದ ಕಲಬುರಗಿ ಖಜಾನೆಯಲ್ಲಿ ಕಾರಕೂನನಾದ ಮೇಲೆ. ಹೊರಗಿನವರ ಕಣ್ಣಿಗೆ ನನ್ನಂಥ ಪುಣ್ಯವಂತ ಇನ್ನೊಬ್ಬನಿರಲಿಲ್ಲ. ಹತ್ತಕ್ಕೆ ಕಚೇರಿ, ನಾಲ್ಕಕ್ಕೆ ಬ್ರಹ್ಮಪುರದ ಮನೆ, ಶುಕ್ರವಾರ ಪೂರ್ತಿ ರಜೆ. ಕಮಲಾಪುರದಲ್ಲಿ ಬಡ್ಡಿ ವ್ಯವಹಾರ ಮಾಡಿಕೊಂಡಿದ್ದ ನಮ್ಮ ಮಾವನವರು ಕಿರಿಮಗಳು ನೀಲಮ್ಮನನ್ನು ನನಗೆ ಕೊಟ್ಟದ್ದು ನನ್ನ ಮುಖ ನೋಡಿ ಅಲ್ಲ, ಈ ಕಚೇರಿ ಹೊತ್ತು ನೋಡಿ. ಹಿರಿಯಳಿಯ ಶಿವಲಿಂಗಪ್ಪನವರು, ಅಂದರೆ ನನ್ನ ಷಡ್ಡಕ, ಗಂಜ್ ಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಮುನೀಮರು. ಹೊತ್ತು ಹುಟ್ಟುವಾಗ ಗಾದಿಯ ಮೇಲೆ ಕೂತರೆ ಸಾಹುಕಾರರು ಏಳುವವರೆಗೆ ಏಳುವಂತಿಲ್ಲ. ಆದರೆ ಮಧ್ಯಾಹ್ನ ರೊಟ್ಟಿ ತಿಂದು, ತೊಗರಿ ಚೀಲಕ್ಕೆ ಒರಗಿ ಅವರು ಹೊಡೆಯುತ್ತಿದ್ದ ಗೊರಕೆಯಂಥ ಗೊರಕೆ ನನಗೆ ಸ್ವಂತ ಹಾಸಿಗೆಯಲ್ಲೂ ಬರುತ್ತಿರಲಿಲ್ಲ. ಖಜಾನೆಯ ದೊಡ್ಡ ಪೆಟ್ಟಿಗೆಗೆ ಎರಡು ಬೀಗ. ಒಂದರ ಕೀಲಿ ಸಾಹೇಬರ ಬಳಿ, ಇನ್ನೊಂದರದು ನನ್ನ ಉಡುದಾರದಲ್ಲಿ. ಸ್ನಾನ ಮಾಡುವಾಗಲೂ ಅದು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಒಂದು ಶುಕ್ರವಾರ ಕಮಲಾಪುರದಲ್ಲಿ ನೀಲಮ್ಮನ ಕುಬಸ. ಮೊದಲನೆಯ ಬಸಿರು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಅವಳು ಮಣೆಯ ಮೇಲೆ ಕೂತಿದ್ದಳು. ಪಕ್ಕದ ಮಣೆ ನನ್ನದು. ಅದಕ್ಕೂ ಮುಂಚೆ ಮಾವನವರ ಕಟ್ಟೆಯ ಮೇಲೆ ಅವರು, ಶಿವಲಿಂಗಪ್ಪನವರು, ನಾನು ಮೂವರೂ ಕೂತು ನಮ್ಮ ನಮ್ಮ ಉದ್ಯೋಗದ ಮಾತಾಡಿದ್ದೆವು.

"ನನಗ ಹೊತ್ತಂಬೋದೇ ಇಲ್ಲ ನೋಡ್ರಿ," ಎಂದರು ಮಾವನವರು. "ಇಲ್ಲೇ ಕುಂತಿರ್ತೀನಿ. ಮಂದಿ ಬಂದ್ರ ಕೆಲಸ, ಬರಲಿಲ್ಲಂದ್ರ ಹರಟಿ."

"ತಮ್ಮಾ, ನಿನ್ನ ನೌಕರಿ ಭಾಳ ಛಲೋ," ಎಂದರು ಶಿವಲಿಂಗಪ್ಪನವರು. "ನಾಲ್ಕು ಹೊಡೀತಂದ್ರ ನೀನು ರಾಜಾ."

ನಾನು ರಾಜನಂತೆ ನಗಲು ನೋಡಿದೆ. ಕೈ ತನ್ನಷ್ಟಕ್ಕೆ ಉಡುದಾರಕ್ಕೆ ಹೋಯಿತು.

ಇನ್ನೇನು ಆರತಿ ಎತ್ತಬೇಕು, ಅಷ್ಟರಲ್ಲಿ ಬಾಗಿಲಲ್ಲಿ ಟಾಂಗಾ ನಿಂತಿತು. ನಮ್ಮ ಕಚೇರಿಯ ಚಪರಾಸಿ ಖಾಸಿಂ ಇಳಿದು ಬಂದು ಸಲಾಮು ಮಾಡಿ, "ರಾಯರ, ಸಾಹೇಬ್ರು ನಿಮಗ ಯಾದ್ ಮಾಡ್ಯಾರ್ರಿ," ಎಂದ.

ಬೇರೆಯವರಿಗೆ ಇದರರ್ಥ ನೆನಪು ಮಾಡಿಕೊಂಡರು ಎಂದಷ್ಟೆ. ನಮ್ಮ ಕಚೇರಿಯಲ್ಲಿ ಸಾಹೇಬರು ಯಾದ್ ಮಾಡಿದರೆಂದರೆ ಯಾರದೋ ತಪ್ಪು ಸಿಕ್ಕಿದೆ ಎಂದೇ ಅರ್ಥ. ನಿನ್ನೆ ಸಂಜೆ ಊರಿಗೆ ಹೊರಡುವ ಅವಸರದಲ್ಲಿ ಕೀಲಿ ತಿರುಗಿಸಿದೆನೋ, ಸುಮ್ಮನೆ ಹಾಕಿ ತೆಗೆದೆನೋ? ಎಷ್ಟು ನೆನೆದರೂ ಕೈ ತಿರುಗಿದ್ದು ನೆನಪಾಗಲಿಲ್ಲ. ಮಣೆಯಿಂದ ಎದ್ದೆ. ನೀಲಮ್ಮ ತಲೆ ಎತ್ತದೆ, "ಆರತಿ ಆಗೂತನಕ ಕುಂದರ್ರಿ," ಎಂದಳು. ಕೂರಲಿಲ್ಲ. ಖಾಸಿಂ ಇನ್ನೂ ಏನೋ ಹೇಳುತ್ತಿದ್ದ. ಅವನನ್ನು ಅಲ್ಲೇ ಬಿಟ್ಟು ಅವನ ಟಾಂಗಾ ಹತ್ತಿ, "ಹೊಡಿ," ಎಂದೆ.

ದಾರಿಯುದ್ದಕ್ಕೂ ನಾನು ಜೈಲಿನಲ್ಲಿದ್ದೆ. ಮಗು ಹುಟ್ಟಿ, ನಡೆಯುವಷ್ಟು ದೊಡ್ಡದಾಗಿ, ತಾಯಿಯ ಕೈ ಹಿಡಿದು ನನ್ನನ್ನು ನೋಡಲು ಅಲ್ಲಿಗೆ ಬಂದೂ ಹೋಯಿತು. ಎದುರಿನಿಂದ ಕುದುರೆಯ ಮೇಲೆ ಬಂದ ಪೊಲೀಸ್ ಜವಾನನೊಬ್ಬ ಟಾಂಗಾ ನಿಲ್ಲಿಸಿದ. ಅವನು ಬಾಯಿ ತೆರೆಯುವ ಮೊದಲೇ, "ನಾ ಬೀಗ ಹಾಕೀನ್ರಿ," ಎಂದೆ. ಪಾಪ, ಅವನಿಗೆ ಬೇಕಾಗಿದ್ದದ್ದು ಬೀಡಿಗೆ ಕಡ್ಡಿಪೆಟ್ಟಿಗೆ. ನನ್ನ ಬೀಗ ತೆರೆದಿದ್ದರೂ ಸಾಹೇಬರ ಬೀಗ ಇದ್ದೇ ಇದೆಯಲ್ಲ ಎಂಬುದು ಅಷ್ಟು ಹರದಾರಿ ದೂರದಲ್ಲಿ ಒಮ್ಮೆಯೂ ಹೊಳೆಯಲಿಲ್ಲ.

ಇಳಿಹೊತ್ತಿಗೆ ಬಂಗಲೆ ಮುಟ್ಟಿದಾಗ ಸಾಹೇಬರು ಅಂಗಳದಲ್ಲಿ ಚಹಾ ಕುಡಿಯುತ್ತಿದ್ದರು. ನನ್ನನ್ನು ಕಂಡು, ನನ್ನ ಹಿಂದಿನ ಖಾಲಿ ಟಾಂಗಾ ಕಂಡು, "ಕೇಲೇ ಕಹಾಂ ಹೈಂ?" ಎಂದರು.

ಅವರು ಕೇಳಿದ್ದು ಬಾಳೆಹಣ್ಣು ಎಲ್ಲಿ ಎಂದು, ನನ್ನ ಕಿವಿಗೆ ಬಿದ್ದದ್ದು ಕೀಲಿ. ನಾನು ಉಡುದಾರದಿಂದ ಕೀಲಿ ತೆಗೆದು ತೋರಿಸಿದೆ. ಸಾಹೇಬರು ಕೀಲಿಯನ್ನೂ ನನ್ನನ್ನೂ ನೋಡಿ, ಚಹಾದ ಬಟ್ಟಲು ಕೆಳಗಿಟ್ಟರು. ಆಮೇಲೆ ಮೆಲ್ಲಗೆ ತಿಳಿಸಿದರು. ಶನಿವಾರ ಮಧ್ಯಾಹ್ನ ಹೈದರಾಬಾದಿನಿಂದ ಬೀಗರು ಬರುತ್ತಾರೆ. ಕಮಲಾಪುರದ ಕೆಂಪು ಬಾಳೆಹಣ್ಣು ಬೇಕಿತ್ತು. ಒಳ್ಳೆಯ ಗೊನೆ ಆರಿಸಿ ಕೊಡಲಿ ಎಂದು ಅಲ್ಲಿಯ ಅಳಿಯನಾದ ನನ್ನನ್ನು ನೆನೆಸಿಕೊಂಡು ಖಾಸಿಂನನ್ನು ಕಳಿಸಿದ್ದರು. ನನ್ನನ್ನು ಕರೆಸಿರಲೇ ಇಲ್ಲ. ಮನೆಗೆ ಹೋಗುವ ಮುನ್ನ ಖಜಾನೆಗೆ ಹೋಗಿ ಪಹರೆಯವನ ಕೈಕಾಲು ಹಿಡಿದು, ಕಿಟಕಿಯಿಂದ ಇಣುಕಿದೆ. ಎರಡೂ ಬೀಗಗಳು ಭದ್ರವಾಗಿದ್ದವು.

ಮರುದಿನ ಬೆಳಿಗ್ಗೆ ಖಾಸಿಂ ಮಾವನವರ ಬಂಡಿಯಲ್ಲಿ ಬಂದು, ಗೊನೆಯನ್ನು ಬಂಗಲೆಗೆ ಮುಟ್ಟಿಸಿ, ಇನಾಮು ಪಡೆದು ನಮ್ಮ ಮನೆಗೆ ಬಂದ. ನನ್ನ ಎಲೆಯ ಮುಂದೆ ತನ್ನನ್ನೇ ಕೂಡಿಸಿ ಊಟಕ್ಕೆ ಬಡಿಸಿದರೆಂದೂ ಹೋಳಿಗೆ ಭಾಳ ಮೆತ್ತಗಿದ್ದವೆಂದೂ ಹೇಳಿ, ಒಂದು ಬುತ್ತಿ ಗಂಟು ಕೊಟ್ಟ.

"ಅಮ್ಮಾರು ಏನರ ಅಂದ್ರೇನು?" ಎಂದು ನೀಲಮ್ಮನ ಬಗ್ಗೆ ಕೇಳಿದೆ.

ಖಾಸಿಂ ನೆಲ ನೋಡಿದ. "ಅಂದಾರ್ರಿ. ಕೂಸಿನ ತೊಟ್ಟಿಲಿಗಿ ಸಾಹೇಬ್ರ ಅಪ್ಪಣಿ ತಗೊಂಡೇ ಬರ್ರಿ, ಇಲ್ಲಂದ್ರ ಖಾಸಿಮಗೇ ಕಳಸ್ರಿ, ಅಂದಾರ."

ಬುತ್ತಿ ಗಂಟಿಗೆ ಕೈ ಹಾಕಿದೆ. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಹತ್ತೇ ನಿಮಿಷ ಉಳಿದಿತ್ತು. ಗಂಟು ಬಿಚ್ಚದೆ, ಪೇಟ ಸುತ್ತಿಕೊಳ್ಳುತ್ತಲೇ ಕಚೇರಿಗೆ ಓಡಿದೆ.