ಮಹಡಿಯಲ್ಲಿ ಕೆಂಪು, ಕೆಳಗೆ ನೀಲಿ

ಭಾನುವಾರ ಬೆಳಿಗ್ಗೆ ಮಹದೇವ್ ಹಲ್ಲುಜ್ಜುತ್ತಾ ಮಹಡಿಯ ಬಾಲ್ಕನಿಗೆ ಬಂದಾಗ ಎದುರುಮನೆಯ ಜಗದಾಂಬಾ ರಂಗೋಲಿ ಬಿಡುವುದನ್ನು ಅರ್ಧಕ್ಕೆ ನಿಲ್ಲಿಸಿ, ಸಾವಿನ ಮನೆಗೆ ಬಂದವರ ಮುಖ ಮಾಡಿಕೊಂಡು ಮೇಲೆ ನೋಡಿದರು.

"ಮಹದೇವ್, ನಿಮ್ಮ ಮಿಷನ್ನು ಹೋಗ್ಬಿಡ್ತಂತಲ್ಲ?"

"ಎಲ್ಲಿಗೆ ಹೋಯ್ತು ಆಂಟಿ? ಒಳಗೇ ಇದೆ."

"ಪೇಪರಲ್ಲಿ ಬಂದಿದೆ ಕಣ್ರೀ. ಮಾಡ್ತಿದ್ದ ಕಂಪನಿಯವರೇ ಇನ್ಮೇಲೆ ಮಾಡಲ್ಲ ಅಂದ್ಬಿಟ್ಟಿದಾರಂತೆ. ನಿಮ್ಮ ಓನರ್ರು ಗೇಟ್ ಹತ್ರ ನಿಂತ್ಕೊಂಡು ಎಲ್ರಿಗೂ ಓದಿ ಹೇಳಿದ್ರು. ಪಾಪ, ಇನ್ನೂ ಹೊಸದು."

ಮಹದೇವ್ ಬಾಯಲ್ಲಿದ್ದ ಪೇಸ್ಟನ್ನು ನುಂಗಿಬಿಟ್ಟ.

ಅವನು ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಕಾಮಾಕ್ಷಿಪಾಳ್ಯದ ಈ ಓಣಿಯಲ್ಲಿ, ನಿವೃತ್ತ ಅಧಿಕಾರಿ ವೆಂಕಟರಮಣಪ್ಪನವರ ಮನೆಯ ಮಹಡಿಯಲ್ಲಿ ಹೆಂಡತಿ ವತ್ಸಲಾಳೊಂದಿಗೆ ಬಾಡಿಗೆಗಿದ್ದ. ಆ ಚಳಿಗಾಲದಲ್ಲಿ ಈ ಕಟ್ಟಡದೊಳಗೆ ಲೋಕಯುದ್ಧವೊಂದು ಕಾಲಿಟ್ಟಿತ್ತು. ಮಸ್ಕತ್ತಿನಿಂದ ಬಂದ ಷಡ್ಡಕ ಮಹದೇವ್‌ಗೆ ಎಚ್‌ಡಿ ಡಿವಿಡಿ ಎಂಬ ಯಂತ್ರ ತಂದುಕೊಟ್ಟ. ಅದಾಗಿ ವಾರದೊಳಗೆ ಸಿಂಗಾಪುರದಿಂದ ಬಂದ ಅಳಿಯ ವೆಂಕಟರಮಣಪ್ಪನವರಿಗೆ ಬ್ಲೂರೇ ಎಂಬ ಯಂತ್ರ ತಂದುಕೊಟ್ಟ. ಎರಡೂ ಚಿತ್ರವನ್ನು ಹಿಂದೆಂದೂ ಯಾರೂ ಕಾಣದಷ್ಟು ಸ್ವಚ್ಛವಾಗಿ ತೋರಿಸುತ್ತವಂತೆ. ಆದರೆ ಇದರ ಸಿನಿಮಾ ತಟ್ಟೆ, ಅಂದರೆ ಡಿಸ್ಕು, ಅದರಲ್ಲಿ ಓಡದು, ಅದರ ತಟ್ಟೆ ಇದರಲ್ಲಿ ಓಡದು. ಮಹದೇವ್‌ನದರ ತಟ್ಟೆ ಕೆಂಪು ಪೆಟ್ಟಿಗೆಯಲ್ಲಿ ಬಂದರೆ ಮನೆ ಯಜಮಾನರದು ನೀಲಿ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಹೀಗಾಗಿ ಓಣಿಯವರು ಯಂತ್ರಗಳನ್ನು ಬಣ್ಣದಿಂದಲೇ ಕರೆಯುತ್ತಿದ್ದರು.

ಯಂತ್ರ ಬಂದರೂ ತಟ್ಟೆ ಇರಲಿಲ್ಲ. ಶನಿವಾರ ಇಬ್ಬರೂ ವೆಂಕಟರಮಣಪ್ಪನವರ ಸ್ಕೂಟರಿನಲ್ಲಿ ಮೆಜೆಸ್ಟಿಕ್ ಕಡೆಗೆ ಹೋಗಿ, ಊರೆಲ್ಲ ಸುತ್ತಿ, ಕೊನೆಗೆ ಒಂದು ಸಂದಿಯ ಅಂಗಡಿಯಲ್ಲಿ ತಮ್ಮ ತಮ್ಮ ಜಾತಿಯದನ್ನು ಹಿಡಿದಿದ್ದರು. ಪ್ರಪಂಚದ ಅದ್ಭುತಗಳ ಬಗ್ಗೆ ತೆಗೆದ ಒಂದೇ ಚಿತ್ರ, ಒಂದು ಕೆಂಪು ಪೆಟ್ಟಿಗೆಯಲ್ಲಿ, ಇನ್ನೊಂದು ನೀಲಿಯಲ್ಲಿ. ಅಂಗಡಿಯವನು ಎರಡೂ ತಟ್ಟೆಗಳನ್ನು ಹೊರಗೆ ತೆಗೆದು, ಗೀರು ಇಲ್ಲವೆಂದು ತೋರಿಸಿ, ಅಂಗಿಯ ತುದಿಯಿಂದ ಒರೆಸಿ ಮತ್ತೆ ಪೆಟ್ಟಿಗೆಗೆ ಹಾಕಿಕೊಟ್ಟಿದ್ದ.

"ಪೇಪರಿನವರಿಗೇನು ಗೊತ್ತು," ಎಂದ ಮಹದೇವ್ ಬಾಲ್ಕನಿಯಿಂದ. "ಮಧ್ಯಾಹ್ನ ಎಲ್ಲಾ ಬನ್ನಿ ಆಂಟಿ. ಸತ್ತಿದೆಯೋ ಬದುಕಿದೆಯೋ ಕಣ್ಣಾರೆ ನೋಡುವಿರಂತೆ."

ಜಗದಾಂಬಾಗೆ ಒಂದು ಮಾತು ಹೇಳುವುದೂ ಒಂದೇ, ಓಣಿಗೆ ಮೈಕು ಕಟ್ಟಿಸುವುದೂ ಒಂದೇ. ಅವನು ಮುಖ ತೊಳೆಯುವಷ್ಟರಲ್ಲಿ ಸುದ್ದಿ ಹಾಲಿನ ಬೂತಿನವರೆಗೆ ಹೋಗಿತ್ತು.

ವೆಂಕಟರಮಣಪ್ಪನವರು ಸುಮ್ಮನಿರುತ್ತಾರೆಯೆ? ಮಧ್ಯಾಹ್ನದವರೆಗೆ ಕಾಯದೆ ಬೆಳಿಗ್ಗೆಯೇ ಎಲ್ಲರನ್ನೂ ಕರೆದರು. ಮಹದೇವ್‌ನೂ ಹೋದ. ಕಿಟಕಿಗಳಿಗೆಲ್ಲ ಪರದೆ ಎಳೆದಿತ್ತು. ಟೀವಿಯ ತಲೆಯ ಮೇಲೆ ದೊಡ್ಡದೊಂದು ಕರವಸ್ತ್ರ ಹಾಸಿ ಅದರ ಮೇಲೆ ಗಣೇಶನನ್ನು ಕೂರಿಸಿದ್ದರು. ವಸ್ತ್ರದ ಒಂದು ತುದಿ ಟೀವಿಯ ಪರದೆಯ ಮೂಲೆಗೆ ಇಳಿಬಿದ್ದಿತ್ತು. ನೀಲಿ ಯಂತ್ರ ಕೆಳಗೆ ಕಣ್ಣು ಮಿಟುಕಿಸುತ್ತಿತ್ತು.

ಹಿಮಾಲಯ ಬಂತು. ಬೆಳಗಿನ ಬಿಸಿಲು ಒಂದು ಶಿಖರದ ತುದಿಗೆ ತಗುಲಿ, ಮೆಲ್ಲಗೆ ಕೆಳಗಿಳಿದು, ಇಡೀ ಬೆಟ್ಟ ಬೆಂಕಿಯ ಬಣ್ಣಕ್ಕೆ ತಿರುಗಿತು. ಮಹದೇವ್ ತಾನು ಶತ್ರುಪಾಳಯದಲ್ಲಿ ಕುಳಿತಿರುವುದನ್ನೇ ಮರೆತ. ಮಧ್ಯೆ ಎರಡು ಸಲ ಯಜಮಾನರು ಎದ್ದು "ಮಿಷನ್ನು ಸ್ವಲ್ಪ ತಣ್ಣಗಾಗ್ಲಿ" ಎಂದು ಟೀವಿ ಆರಿಸಿ, ಸ್ವಲ್ಪ ಹೊತ್ತಿಗೆ ಮತ್ತೆ ಹಾಕಿದರು. ಅಷ್ಟು ದೊಡ್ಡ ಬೆಟ್ಟವನ್ನು ಹೊತ್ತ ಯಂತ್ರ ಬಿಸಿಯಾಗುವುದು ಸಹಜವೇ ಎಂದು ಎಲ್ಲರಿಗೂ ಅನ್ನಿಸಿತು.

"ಇದಪ್ಪ ಬದುಕಿರೋ ಮಿಷನ್ನು," ಎಂದು ಹೊರಡುವಾಗ ಜಗದಾಂಬಾ ಹೇಳಿದ್ದು ಮಹದೇವ್‌ನ ಕಿವಿಗೆ ಬೀಳಲೆಂದೇ.

ಅವನು ಮೆಟ್ಟಿಲು ಹತ್ತಿ ಬಂದು ನೇರ ಯಂತ್ರದ ಮುಂದೆ ಕುಳಿತ. ಕೆಂಪು ಪೆಟ್ಟಿಗೆ ತೆರೆದು, ತಟ್ಟೆಯ ಅಂಚನ್ನು ಮಾತ್ರ ಹಿಡಿದು, ಹಸುಗೂಸನ್ನು ತೊಟ್ಟಿಲಿಗೆ ಹಾಕುವಂತೆ ಒಳಗೆ ಹಾಕಿದ. ಯಂತ್ರ ಅದನ್ನು ನುಂಗಿತು. ಗರ್ ಎಂದಿತು, ಕೆಮ್ಮಿತು, ಸುಮ್ಮನಾಯಿತು. ಪರದೆ ಕಪ್ಪು. ತಟ್ಟೆಯನ್ನಾದರೂ ಹೊರಗೆ ತೆಗೆಯೋಣವೆಂದು ಗುಂಡಿ ಒತ್ತಿದರೆ ಬಾಗಿಲು ಜಪ್ಪಯ್ಯ ಎಂದರೂ ತೆರೆಯಲಿಲ್ಲ.

"ವತ್ಸಲಾ, ಪೇಪರಿನವರು ಹೇಳಿದ್ದು ನಿಜ ಕಣೇ. ಹೋಗ್ಬಿಟ್ಟಿದೆ."

"ಕಂಪನಿ ಅಲ್ಲಿ ಬಾಗ್ಲು ಹಾಕಿದ್ರೆ ಇಲ್ಲಿ ಹೇಗ್ರೀ ಹೋಗುತ್ತೆ?"

"ಅದೇ ನಂಗೂ ಅರ್ಥ ಆಗ್ತಿಲ್ಲ."

ಅವನು ಯಂತ್ರವನ್ನು ತಟ್ಟಿದ, ಅಲ್ಲಾಡಿಸಿದ, ಊದಿದ, ತಂತಿಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಗಳ ಸದ್ದು ಶುರುವಾಯಿತು. ಜಗದಾಂಬಾ ಊಟ ಮುಗಿಸಿ, ಹೊಸ ಸೀರೆಯುಟ್ಟು, ಅರ್ಧ ಓಣಿಯನ್ನು ಹಿಂದೆ ಕಟ್ಟಿಕೊಂಡು ಬರುತ್ತಿದ್ದರು.

ಮಹದೇವ್ ಬಾಗಿಲಿಗೂ ಯಂತ್ರಕ್ಕೂ ಎರಡು ಸಲ ಓಡಾಡಿದ. ವತ್ಸಲಾ ಮಾತ್ರ ಟೀವಿಯ ರಿಮೋಟ್ ತೆಗೆದುಕೊಂಡು ಕೇಬಲ್ಲಿನ ಚಾನೆಲ್ಲುಗಳನ್ನು ಒಂದೊಂದಾಗಿ ದಾಟಿದಳು. ಅಡುಗೆ, ಕ್ರಿಕೆಟ್, ಧಾರಾವಾಹಿ. ಆಮೇಲೆ ಇದ್ದಕ್ಕಿದ್ದಂತೆ ಕೋಣೆಯೆಲ್ಲ ನೀಲಿಯಾಯಿತು. ಪರದೆಯ ತುಂಬ ಸಮುದ್ರ. ಮೂಲೆಯಲ್ಲಿ ಪುಟ್ಟದಾಗಿ ಚಾನೆಲ್ಲಿನ ಗುರುತು.

"ಆ ಗುರುತು ಕಾಣುತ್ತಲ್ಲೇ," ಎಂದು ಮಹದೇವ್ ಪಿಸುಗುಟ್ಟಿದ.

ಬಾಗಿಲಲ್ಲಿ ಮೊದಲು ಕಾಣಿಸಿಕೊಂಡವರು ಹೂ ಮಾರುವ ಮುನಿತಾಯಮ್ಮ. ವತ್ಸಲಾ ಅವರ ಬುಟ್ಟಿಯಿಂದ ಒಂದು ಮೊಳ ಕನಕಾಂಬರ ತೆಗೆದು, "ಹೊಸ ಮಿಷನ್ನು ಅಜ್ಜಿ, ಮೊದಲನೇ ಸಲ ಹಾಕ್ತಿರೋದು," ಎಂದು ಟೀವಿಯ ಮೂಲೆಗೆ ಸರಿಯಾಗಿ ಗುರುತಿನ ಮೇಲೆ ಬರುವಂತೆ ಇಳಿಬಿಟ್ಟು, ಯಂತ್ರಕ್ಕೆ ಕುಂಕುಮ ಹಚ್ಚಿ ಕೈಮುಗಿದಳು. ಬಂದವರೂ ಕೈಮುಗಿದು ಕುಳಿತರು. ವೆಂಕಟರಮಣಪ್ಪನವರು ಕುರ್ಚಿ ಎಳೆದುಕೊಂಡು, ಕನ್ನಡಕ ಒರೆಸಿ, ಪರೀಕ್ಷೆಯ ಮೇಲ್ವಿಚಾರಕರಂತೆ ಎದುರಿಗೇ ಕುಳಿತರು.

ಮಹದೇವ್ ಟೀವಿಯ ಪಕ್ಕದಲ್ಲಿ ಬೆವರುತ್ತಾ ನಿಂತ. ಈಗ ಸಿಕ್ಕಿಬಿದ್ದೆ, ಇನ್ನೇನು ಸಿಕ್ಕಿಬಿದ್ದೆ ಎಂದುಕೊಳ್ಳುತ್ತಿದ್ದ. ಆದರೆ ಯಾರೂ ಅವನ ಕಡೆ ನೋಡಲೇ ಇಲ್ಲ.

ನೀರಿನ ಆಳದಿಂದ ಒಂದು ತಿಮಿಂಗಿಲ ಮೇಲೆ ಬರುತ್ತಿತ್ತು. ಮೊದಲು ಬರೀ ನೆರಳು. ಆಮೇಲೆ ಗುಡ್ಡ. ಆ ಗುಡ್ಡದ ಪಕ್ಕದಲ್ಲಿ ಅಂಟಿಕೊಂಡಂತೆ ಅದರ ಮರಿ. ಬಿಸಿಲಿನ ಕಂಬಗಳು ನೀರಿನೊಳಗೆ ಓರೆಯಾಗಿ ಇಳಿದು ತಾಯಿಯ ಬೆನ್ನ ಮೇಲೆ ನಡುಗುತ್ತಿದ್ದವು. ತಾಯಿ ಮರಿಯನ್ನು ಮೂತಿಯಿಂದ ಮೇಲಕ್ಕೆ ಎತ್ತಿತು, ಅದು ಮೊದಲ ಉಸಿರು ತೆಗೆಯಲೆಂದು. ಹೊರಗೆ ಎಲ್ಲೋ ವರ್ಕ್‌ಶಾಪಿನಲ್ಲಿ ಲೇತು ತಿರುಗುವ ಸದ್ದು, ಮಾಗಡಿ ರಸ್ತೆಯ ಬಸ್ಸುಗಳ ಹಾರನ್ನು, ಯಾವುದೂ ಆ ಕೋಣೆಗೆ ತಾಗಲಿಲ್ಲ.

ಮುನಿತಾಯಮ್ಮ ತಾವು ಹುಟ್ಟಿದಾರಭ್ಯ ಸಮುದ್ರ ಕಂಡವರಲ್ಲ. ನೆಲದ ಮೇಲೆ ಕುಳಿತಲ್ಲಿಂದಲೇ ಮುಂದಕ್ಕೆ ಸರಿದು ಸರಿದು ಟೀವಿಯ ಹತ್ತಿರ ಬಂದಿದ್ದರು.

"ಇದೆಲ್ಲ ನಿಜವಾಗ್ಲೂ ಐತಾ ಮಗಾ, ಇಲ್ಲ ಈ ಡಬ್ಬಿ ಒಳಗೆ ಮಾಡವ್ರಾ?"

"ನಿಜವಾಗ್ಲೂ ಇದೆ ಅಜ್ಜಿ," ಎಂದ ಮಹದೇವ್. ಬಂದವರ ಮುಂದೆ ಅವನು ಆಡಿದ ಮೊದಲ ಸತ್ಯ ಅದು.

"ಇಷ್ಟು ದಿವ್ಸ ನಂಗ್ಯಾರೂ ಹೇಳ್ಲೇ ಇಲ್ಲ ನೋಡು," ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು.

ತಾರಸಿಯ ಕೋಣೆಯಲ್ಲಿದ್ದ ಗದಗಿನ ಯಲ್ಲಪ್ಪ ಬಾಗಿಲಿಗೊರಗಿ ನಿಂತಿದ್ದವನು ಮೆಲ್ಲಗೆ ಹೇಳಿದ. "ಮೈ ಥಂಡಿ ಆದಂಗ ಆಗ್ತದ ನೋಡ್ರಿ. ನೀರಾಗ ನಿಂತಂಗ."

ಮಹದೇವ್‌ಗೂ ಹಾಗೆಯೇ ಆಗುತ್ತಿತ್ತು. ದಿನಾ ರಾತ್ರಿ ಊಟದ ತಟ್ಟೆ ಹಿಡಿದುಕೊಂಡು ಇದೇ ಚಾನೆಲ್ಲನ್ನು ನಿಲ್ಲಿಸದೆ ದಾಟಿ ಹೋಗುತ್ತಿದ್ದವನು ತಾನು. ಅಷ್ಟು ಜನರ ಮೌನದ ನಡುವೆ ನಿಂತು ನೋಡಿದಾಗ ಅದು ಬೇರೆಯೇ ಆಗಿತ್ತು. ತಾನು ಮೋಸ ಮಾಡುತ್ತಿರುವುದೂ ಒಂದು ಗಳಿಗೆ ನೆನಪಿನಿಂದ ಜಾರಿತು.

ಅಷ್ಟರಲ್ಲಿ ತಿಮಿಂಗಿಲ ಮಾಯವಾಗಿ ಬಟ್ಟೆ ಸೋಪಿನ ಜಾಹೀರಾತು ಬಂತು. ಒಬ್ಬ ಹೆಂಗಸು ಬಕೆಟ್ಟಿನಲ್ಲಿ ಕೈಯಾಡಿಸುತ್ತಾ ನಗುತ್ತಿದ್ದಳು.

ಮೊದಲು ಬಾಯಿ ಬಿಟ್ಟವರು ಜಗದಾಂಬಾ. "ನೊರೆ ನೋಡಿ ಎಷ್ಟು ಕ್ಲಿಯರ್ರಾಗಿದೆ. ಒಂದೊಂದು ಗುಳ್ಳೆನೂ ಎಣಿಸ್ಬೋದು. ನಮ್ಮನೆ ಟೀವೀಲಿ ಇದೇ ಅಡ್ವರ್ಟೈಸ್‌ಮೆಂಟು ಮಬ್ಬುಮಬ್ಬಾಗಿ ಬರುತ್ತೆ."

"ತಟ್ಟೆಯಲ್ಲೂ ಜಾಹೀರಾತು ಹಾಕ್ತಾರಾ?" ಎಂದು ಯಾರೋ ಕೇಳಿದರು.

"ಹಾಕ್ತಾರೆ, ಹಾಕ್ತಾರೆ," ಎಂದು ವೆಂಕಟರಮಣಪ್ಪನವರೇ ಥಟ್ಟನೆ ಉತ್ತರಿಸಿದರು. ಮಹದೇವ್‌ಗೆ ಆಶ್ಚರ್ಯವಾಯಿತು; ಶತ್ರು ಇಷ್ಟು ದೊಡ್ಡ ಮನಸ್ಸಿನವರೆಂದು ಅವನಿಗೆ ಗೊತ್ತಿರಲಿಲ್ಲ. ವತ್ಸಲಾ "ಇಂಟರ್ವಲ್, ಇಂಟರ್ವಲ್" ಎನ್ನುತ್ತಾ ಕೇಸರಿಬಾತ್ ತಂದು ಹಂಚಿದಳು. ಮುಂದಿನ ಜಾಹೀರಾತುಗಳು ದ್ರಾಕ್ಷಿ ಗೋಡಂಬಿಯ ಗದ್ದಲದಲ್ಲಿ ಕಳೆದುಹೋದವು.

ಎಲ್ಲರೂ ಹೋದ ಮೇಲೂ ಯಜಮಾನರು ಏಳಲಿಲ್ಲ. ಕೆಂಪು ಯಂತ್ರವನ್ನೇ ನೋಡುತ್ತಾ ಕುಳಿತಿದ್ದರು. ಮುಖದಲ್ಲಿ ಭಕ್ತಿಯಂಥದೇನೋ ಇತ್ತು.

"ಮಹದೇವ್, ಒಂದು ಮಾತು. ನಿಮ್ಮ ಮಿಷನ್ನು ನಂಗೆ ಕೊಡಿ. ನಂದು ನೀವು ಇಟ್ಕೊಳ್ಳಿ."

"ಸಾರ್?"

"ಏನು ಆಳ, ಏನು ನೀರು! ನನ್ನದು ಇದರ ಮುಂದೆ ಏನೂ ಅಲ್ಲ."

ಮಹದೇವ್ ಯಂತ್ರಕ್ಕೆ ಅಡ್ಡವಾಗಿ ನಿಂತ. "ಸಾರ್, ಇದರ ಕಂಪನಿ ಹೋಗಿದೆ. ಪೇಪರಲ್ಲಿ ನೀವೇ ಓದಿದ್ರಿ. ನಾಳೆ ಕೆಟ್ರೆ..."

"ನಂಗೂ ವಯಸ್ಸಾಯ್ತು, ಅದಕ್ಕೂ ವಯಸ್ಸಾಯ್ತು. ಇರೋವರೆಗೆ ಇಬ್ರೂ ಒಟ್ಟಿಗಿರ್ತೀವಿ. ನೀವು ಚಿಕ್ಕೋರು, ಮುಂದೆ ಬದುಕೋ ಮಿಷನ್ನು ನಿಮಗಿರ್ಲಿ."

ಅಡುಗೆಮನೆಯ ಬಾಗಿಲಿಂದ ವತ್ಸಲಾ ಒಪ್ಪಿಕೊಳ್ಳಿ ಎಂಬಂತೆ ತಲೆಯಾಡಿಸುತ್ತಿದ್ದಳು. ಮಹದೇವ್ ಕೊನೆಯ ಪ್ರಯತ್ನವಾಗಿ, "ತಟ್ಟೆ ಒಳಗೇ ಇದೆ ಸಾರ್, ತೆಗೆದು ಕೊಡೋಕೆ..." ಎಂದ.

"ಇರ್ಲಿ ಬಿಡಿ, ನಂದೂ ಒಳಗೇ ಇದೆ. ಎರಡೂ ಒಂದೇ ಸಿನಿಮಾ ತಾನೆ?"

ಅಲ್ಲಿಗೆ ಮುಗಿಯಿತು. ಯಲ್ಲಪ್ಪ ಕೆಂಪನ್ನು ಕೆಳಗಿಳಿಸಿ, ನೀಲಿಯನ್ನು ಮೇಲಕ್ಕೆ ತಂದಿಟ್ಟು ಹೋದ.

"ಪಾಪದ ಕೆಲಸ ಆಯ್ತು ಕಣೇ," ಎಂದ ಮಹದೇವ್. "ನಾಳೆ ಬಂದು ಕೇಳಿದ್ರೆ?"

"ಮೆಟ್ಟಿಲು ಇಳಿಸೋವಾಗ ಅಲ್ಲಾಡಿರ್ಬೇಕು ಅನ್ನಿ. ಈಗ ಆ ಹಿಮಾಲಯ ಹಾಕಿ, ನಾನು ಬೆಳಿಗ್ಗೆ ಸರಿಯಾಗಿ ನೋಡ್ಲಿಲ್ಲ."

ಅವನು ಬಾಗಿಲಿಗೆ ಚಿಲಕ ಹಾಕಿ, ತಂತಿ ಸಿಕ್ಕಿಸಿ, ಗುಂಡಿ ಒತ್ತಿದ. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಒತ್ತಿದ. ಕಪ್ಪು. ತಟ್ಟೆ ಸರಿಯಾಗಿ ಕೂತಿಲ್ಲವೇನೋ ಎಂದು ತೆರೆದ. ಈ ಯಂತ್ರ ಸಂಭಾವಿತರ ಮನೆಯದು, ಕೇಳಿದ ತಕ್ಷಣ ನಾಲಗೆ ಚಾಚಿತು. ಮಹದೇವ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಅಂಚಿನಲ್ಲಿ ಇರುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಎಚ್‌ಡಿ ಡಿವಿಡಿ ಎಂದಿತ್ತು.

ಅಂಗಡಿಯವನು ಒರೆಸಿ ಹಾಕುವಾಗ ಅದಲುಬದಲು ಮಾಡಿಬಿಟ್ಟಿದ್ದ. ತನ್ನ ತಟ್ಟೆ ಯಜಮಾನರಿಗೆ ಹೋಗಿತ್ತು, ಯಜಮಾನರದು ತನಗೆ ಬಂದಿತ್ತು. ತನ್ನ ಯಂತ್ರ ಸತ್ತಿರಲೇ ಇಲ್ಲ. ಬರೀ ತಟ್ಟೆಗಳನ್ನು ಬದಲಾಯಿಸಿಕೊಂಡಿದ್ದರೆ ಸಾಕಿತ್ತು, ಬರೀ ಯಂತ್ರಗಳನ್ನು ಬದಲಾಯಿಸಿಕೊಂಡಿದ್ದರೂ ಸಾಕಿತ್ತು. ಇಬ್ಬರು ಮರ್ಯಾದಸ್ಥರು ಸೇರಿ ಎರಡನ್ನೂ ಒಟ್ಟಿಗೇ ಬದಲಾಯಿಸಿಕೊಂಡಿದ್ದರು.

ಆಮೇಲೆ ಇನ್ನೊಂದು ಹೊಳೆಯಿತು. ಈ ನೀಲಿ ಯಂತ್ರದಲ್ಲಿ ಈ ತಟ್ಟೆ ಒಂದು ಗಳಿಗೆಯೂ ಓಡಿರಲಾರದು. ಹಾಗಿದ್ದರೆ ಬೆಳಿಗ್ಗೆ ಓಣಿಯೆಲ್ಲ ಉಸಿರು ಬಿಗಿಹಿಡಿದು ನೋಡಿದ ಹಿಮಾಲಯ?

ಅವನು ವತ್ಸಲಾಳ ಮುಖ ನೋಡಿದ. ವತ್ಸಲಾ ಕೈಯಲ್ಲಿದ್ದ ಟೀವಿ ರಿಮೋಟ್ ನೋಡಿದಳು.

ಕೆಳಗಿಳಿದು ಒಂದೇ ಒಂದು ಮಾತು ಹೇಳಿದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಆ ಮಾತು ಹೇಳಬೇಕಾದರೆ ತಿಮಿಂಗಿಲದ ವಿಷಯವನ್ನೂ ಹೇಳಬೇಕಿತ್ತು. ಮಹದೇವ್ ತಟ್ಟೆಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಮೆಟ್ಟಿಲ ತುದಿಗೆ ಬಂದ. ಕೆಳಗಿನ ಮೆಟ್ಟಿಲ ಮೇಲೆ ವೆಂಕಟರಮಣಪ್ಪನವರು ಆಗಲೇ ನಿಂತಿದ್ದರು.

"ಹೇಗೆ ಬರ್ತಿದೆ ಮಹದೇವ್, ಪಿಕ್ಚರ್ರು?"

"ಕಣ್ಣಿಗೆ ಕಟ್ಟಿದ ಹಾಗಿದೆ ಸಾರ್. ನಿಮ್ಮದು?"

ಯಜಮಾನರ ಕಣ್ಣು ಅವನ ಬೆನ್ನ ಹಿಂದಿನ ಕೈಯ ಕಡೆ ಹೋಯಿತು.

"ಥೇಟ್ ನೀವು ತೋರಿಸಿದ ಹಾಗೇ ಬರ್ತಾ ಇದೆ," ಎಂದು ಹೇಳಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.