ಹದಿನೇಳು ಔಷಧಿಗಳ ಪಾಯಸ

ಆಗಸ್ಟ್ ತಿಂಗಳ ಮೂರನೆಯ ತಾರೀಕು. ಆಧಾರ: ಅಡುಗೆಮನೆಯ ಬಾಗಿಲ ಹಿಂದಿನ ಗೋಡೆ ಕ್ಯಾಲೆಂಡರು; ಹೋಲಿಕೆಗಾಗಿ ನೋಡಿದ್ದು ನನ್ನ ಮೇಜಿನ ಮೇಲಿನ ಪಂಚಾಂಗ. ನಗಿಸಬೇಕೆಂದು ಹೊರಟ ಬರಹವನ್ನು ಹೀಗೆ ಆರಂಭಿಸುವುದು ಶೋಭಿಸದೆಂದು ಬಲ್ಲೆ. ಆದರೆ ಶಾಸನಗಳ ಕಾಲನಿರ್ಣಯ ಮಾಡುತ್ತಲೇ ತಲೆ ನರೆತವನು, ನಿವೃತ್ತನಾದ ಮಾತ್ರಕ್ಕೆ ತಾರೀಕುಗಳನ್ನು ಅವುಗಳ ಪಾಡಿಗೆ ಬಿಡಲಾರ. ತಿಥಿಗೂ ವಾರಕ್ಕೂ ಹೊಂದಿಕೆಯಾಗದಿದ್ದರೆ ದಾನ ಕೊಟ್ಟ ಅರಸನನ್ನೇ ಸಂಶಯಿಸಿದವನು ನಾನು. ಮನೆಯ ಕಷಾಯವನ್ನು ಬಿಟ್ಟೇನೆ?

ನಮ್ಮ ಮನೆಯಲ್ಲಿ ತಿಂಡಿಗೂ ಮದ್ದಿಗೂ ಒಂದೇ ಕಪಾಟು. ಎಳ್ಳುಂಡೆಯ ಡಬ್ಬ, ರಾಗಿ ಹುರಿಹಿಟ್ಟಿನ ಡಬ್ಬ, ಅವುಗಳ ಬೆನ್ನಿಗೇ ಒಣಶುಂಠಿ, ಕರಿಮೆಣಸು, ಓಮ, ಜೇನು. ನನ್ನ ಹೆಂಡತಿ ಪಾರ್ವತಿಗೆ ಶೀತಕ್ಕೆ ದೊಡ್ಡಪತ್ರೆಯ ತಂಬುಳಿ, ಹೊಟ್ಟೆಯ ಉಬ್ಬರಕ್ಕೆ ಓಮದ ಮಜ್ಜಿಗೆ, ಗಂಡನ ಕಿರಿಕಿರಿಗೆ ಎರಡು ಎಳ್ಳುಂಡೆ ಎಂಬ ಸರಳ ಚಿಕಿತ್ಸಾಕ್ರಮವಿದೆ. ಮೂರನೆಯದು ಪರಿಣಾಮಕಾರಿ ಎಂದು ನಾನೇ ಪ್ರಮಾಣೀಕರಿಸಬಲ್ಲೆ; ಬಾಯಿ ಅಂಟಿಕೊಂಡಿರುವಷ್ಟು ಹೊತ್ತು ಕಿರಿಕಿರಿ ಹೊರಗೆ ಬರುವುದಿಲ್ಲ. ಆದರೆ ಆಕೆ "ಇದು ಹಿಂದಿನ ಕಾಲದಿಂದ ಬಂದದ್ದು" ಎಂದೊಡನೆ ನಾನು "ಹಿಂದಿನ ಕಾಲವೆಂದರೆ ಎಷ್ಟನೆಯ ಶತಮಾನ?" ಎಂದು ಕೇಳಿಬಿಡುತ್ತೇನೆ. ಒಮ್ಮೆ ಆಕೆ ತನ್ನ ತವರಿನ ಕೆಂಪು ಸಾರನ್ನು ಅನಾದಿಕಾಲದ್ದೆಂದು ಹೊಗಳಿದಾಗ, ಒಣಮೆಣಸಿನಕಾಯಿ ಈ ದೇಶಕ್ಕೆ ಬಂದದ್ದೇ ಪೋರ್ಚುಗೀಸರ ಹಡಗಿನಲ್ಲಿ ಎಂದು ತಿಳಿಸಿಕೊಟ್ಟೆ. "ಹಂಗಾದ್ರೆ ಪೋರ್ಚುಗೀಸ್ರು ಬರೋ ತನಕ ಕೂತಿರ್ರೀ, ಬಂದ್ಮೇಲೆ ಬಡಿಸ್ತೀನಿ" ಎಂದು ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಅಂದಿನ ಊಟ ಮಜ್ಜಿಗೆಯಲ್ಲೇ ಮುಗಿಯಿತು.

ನಮ್ಮ ಹಿರಿಯರು ಅರಕಲಗೂಡಿನ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದವರು. ಕೊಡಗಿನ ಗಾಳಿ ನೀರು ಒಗ್ಗಿದ್ದರೂ ಕೊಡಗಿನ ಮದ್ದು ಸೊಪ್ಪು ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿರಲಿಲ್ಲ. ಅದು ದಾಟುವಂತಾದದ್ದು ನನ್ನ ಮಗ ಮಂಜು ಅಮ್ಮತ್ತಿಯ ಕಡೆಯ ಚಿತ್ರಾಳನ್ನು ಮದುವೆಯಾದ ಮೇಲೆ. ಆಕೆಯ ಮನೆಮಾತು ಕೊಡಗಿನ ಗೌಡರಾಡುವ ಅರೆಭಾಷೆ. ಮದುವೆಯ ಹೊತ್ತಿನಲ್ಲಿ ನಮ್ಮ ಕೆಲವು ನೆಂಟರು "ನಮ್ಮಲ್ಲೇ ಹೆಣ್ಣು ಸಿಗಲಿಲ್ವಾ" ಎಂದು ಗೊಣಗಿದ್ದು ಆಕೆಯ ಕಿವಿಗೂ ಬಿದ್ದಿತ್ತು. ಹಾಗಾಗಿ ಮೊದಲ ಕೆಲವು ತಿಂಗಳು ಹುಡುಗಿ ನಮ್ಮ ಪದ್ಧತಿಯ ಅಡುಗೆಯನ್ನೇ ಶ್ರದ್ಧೆಯಿಂದ ಕಲಿತಳು. ತನ್ನ ಮನೆಯದೊಂದನ್ನೂ ಒಲೆಗೆ ಏರಿಸಿರಲಿಲ್ಲ.

ಮದ್ದು ಸೊಪ್ಪಿನ ಸಂಗತಿ ಓದುಗರಲ್ಲಿ ಎಲ್ಲರಿಗೂ ತಿಳಿದಿರಲಾರದು. ಮಳೆ ಬಿಡದೆ ಹೊಡೆಯುವ ಕರ್ಕಾಟಕ ಮಾಸವನ್ನು ಕೊಡವರು ಕಕ್ಕಡವೆಂದೂ ಅರೆಭಾಷೆಯವರು ಆಟಿಯೆಂದೂ ಕರೆಯುತ್ತಾರೆ. ಬೇಲಿಯ ಸಾಲಿನಲ್ಲಿ ತಾನಾಗಿ ಬೆಳೆಯುವ ಈ ಗಿಡದಲ್ಲಿ ಆ ತಿಂಗಳು ದಿನಕ್ಕೊಂದರಂತೆ ಔಷಧಿ ಸೇರುತ್ತಾ ಹೋಗಿ, ಹದಿನೆಂಟನೆಯ ದಿನ ಹದಿನೆಂಟು ಔಷಧಿಗಳು ತುಂಬುತ್ತವೆಂದು ನಂಬಿಕೆ. ಅಂದು ಸೊಪ್ಪನ್ನು ಬೇಯಿಸಿದರೆ ನೇರಳೆ ಬಣ್ಣದ ರಸ ಬಿಡುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ತೆಂಗಿನಹಾಲು ಸೇರಿಸಿ ಪಾಯಸ. ತಿಂದವರಿಗೆ ಮಾರನೆಯ ಬೆಳಿಗ್ಗೆ ಬಚ್ಚಲಿನಲ್ಲಿ ಮೂತ್ರದ ಬಣ್ಣವೇ ಒಂದು ಕೆಂಪು ರಸೀದಿ ಕೊಡುತ್ತದೆ. ಮೊದಲ ಸಲ ತಿಂದವರು ಅದನ್ನು ಕಂಡು ಡಾಕ್ಟರ ಬಳಿಗೆ ಓಡಿದ್ದುಂಟು.

ಆ ಮೂರನೆಯ ತಾರೀಕು ಬೆಳಿಗ್ಗೆ ಚಿತ್ರಾಳ ತಾಯಿ ಲೀಲಾವತಿ ಬಸ್ಸಿಳಿದು ಬಂದರು. ಬಾಳೆಲೆಯಲ್ಲಿ ಸುತ್ತಿ ಟವೆಲಿನಲ್ಲಿ ಕಟ್ಟಿದ ಸೊಪ್ಪನ್ನು ಕೂಸಿನಂತೆ ಎದೆಗೊತ್ತಿಕೊಂಡಿದ್ದರು. "ಮಗಳ ಮೊದಲ್ನೇ ಆಟಿ ಅಲ್ವಾ ಬೀಗ್ರೇ, ಬೆಳಕು ಹರಿಯೋ ಮೊದ್ಲೇ ಕೊಯ್ದೆ" ಎಂದರು. ಪಾರ್ವತಿ ಅಂದು ಒಲೆಯನ್ನು ಸೊಸೆಗೇ ಬಿಟ್ಟುಕೊಟ್ಟಳು. ಚಿತ್ರಾ ಎರಡು ಸಲ ಬೆಲ್ಲದ ರುಚಿ ನೋಡಿ, ಮೂರನೆಯ ಸಲ ಅತ್ತೆಗೂ ತೋರಿಸಿ, "ನಮ್ಮ ಕಡೇದು ನಿಮಗೆ ಹಿಡಿಸ್ತದೋ ಇಲ್ವೋ ಅತ್ತೆ" ಎಂದು ಆತಂಕಪಟ್ಟದ್ದು ನನ್ನ ಕೋಣೆಗೂ ಕೇಳಿಸಿತು. ನಾನು ಆ ಹೊತ್ತಿಗೆ ಪಂಚಾಂಗದಲ್ಲಿದ್ದೆ. ಆ ವರ್ಷ ಸಂಕ್ರಮಣ ಜುಲೈ ಹದಿನೇಳರ ಬೆಳಗಿನ ಜಾವಕ್ಕೆ ಬಂದಿತ್ತು. ಸಂಕ್ರಮಣದ ಮಾರನೆಯ ದಿನವನ್ನು ಮಾಸದ ಮೊದಲ ದಿನವೆಂದು ಎಣಿಸಿದರೆ, ಹದಿನೆಂಟನೆಯ ದಿನ ಆಗಸ್ಟ್ ನಾಲ್ಕು. ಇಡೀ ಕೊಡಗು ಒಂದು ದಿನ ಮುಂಚಿತವಾಗಿ ಪಾಯಸ ಕಾಯಿಸುತ್ತಿದೆ ಎಂಬ ಶೋಧವನ್ನು ಹೊಟ್ಟೆಯಲ್ಲಿಟ್ಟುಕೊಂಡು ಊಟಕ್ಕೆ ಕೂತವನ ಸ್ಥಿತಿಯನ್ನು ಸಹೃದಯರು ಊಹಿಸಬೇಕು.

ನನ್ನ ಮುಂದಿನ ಬಟ್ಟಲಿಗೆ ಮೊದಲ ಸೌಟು ಬಿದ್ದೊಡನೆ ಹೇಳಿದೆ: "ತಪ್ಪು ತಿಳಿಯಬೇಡಿ. ಲೆಕ್ಕದ ಪ್ರಕಾರ ಇವತ್ತು ಹದಿನೇಳನೆಯ ದಿನ."

ಮಂಜು, "ಅಪ್ಪ, ಉಣ್ಣಿ" ಎಂದ.

"ಉಣ್ಣುವುದು ಬೇರೆ, ಕಾಲನಿರ್ಣಯ ಬೇರೆ" ಎಂದೆ.

ಚಿತ್ರಾ ಇನ್ನೊಬ್ಬರಿಗೆ ಬಡಿಸಲೆಂದು ಎತ್ತಿದ ಸೌಟನ್ನು ಪಾತ್ರೆಗೇ ಇಳಿಸಿದಳು. "ಹಾಗಾದ್ರೆ ಬೇಡ್ವಾ ಮಾವ? ತೆಗ್ದಿಡ್ಲಾ?" ಎಂದಳು. ದನಿ ತೀರಾ ಸಣ್ಣದಾಗಿತ್ತು. ಅವಳ ತಾಯಿ ಮುಖವೆತ್ತಿ ನೋಡಿದಾಗ "ಏನಿಲ್ಲೆ ಅವ್ವ" ಎಂದು ತಮ್ಮ ಮಾತಿನಲ್ಲೇ ಅಂದು ಕಣ್ಣು ತಪ್ಪಿಸಿದಳು. ಆ ಕ್ಷಣಕ್ಕೆ ಪಾತ್ರೆ ಕಪಾಟಿನ ಪಕ್ಕಕ್ಕೆ ಸರಿದಿದ್ದರೆ, ಅಮ್ಮತ್ತಿಯ ಅಡುಗೆ ನಮ್ಮ ಮನೆಯಲ್ಲಿ ಮತ್ತೆಂದೂ ಒಲೆಗೇರುತ್ತಿರಲಿಲ್ಲವೆಂಬುದು ಶಾಸನ ಓದಬಲ್ಲ ನನ್ನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಅರ್ಥವಾಗಿತ್ತು.

ಲೀಲಾವತಿಯವರು ನಿಧಾನವಾಗಿ ಕೇಳಿದರು: "ಇರ್ಲಿ ಬೀಗ್ರೇ, ಹದಿನೇಳೇ ಅಂತ ಇಟ್ಕೊಳ್ಳುವ. ಒಂದು ಔಷಧಿ ಕಮ್ಮಿ ಆಯ್ತು. ಯಾವ್ದು ಕಮ್ಮಿ ಅಂತ ಹೇಳಿ. ನಿಮ್ಮ ಮಂಡಿನೋವಿಂದಾ, ಕೆಮ್ಮಿಂದಾ?"

ನನ್ನ ಸೇವಾವಧಿಯಲ್ಲಿ ಯಾವ ವಿಚಾರಸಂಕಿರಣದಲ್ಲೂ ಇಂಥ ಪ್ರಶ್ನೆ ಎದುರಾಗಿರಲಿಲ್ಲ. ಮಂಡಿಯನ್ನು ಬಿಟ್ಟುಕೊಡುವಂತಿಲ್ಲ, ಕೆಮ್ಮನ್ನು ಉಳಿಸಿಕೊಳ್ಳುವಂತಿಲ್ಲ. ನಾನು ಯೋಚಿಸುತ್ತಿರುವಾಗ ಪಾರ್ವತಿಯೇ ಉತ್ತರ ಕೊಟ್ಟಳು: "ಹಟದ್ದು, ಲೀಲಾವತಿ. ಹಟಕ್ಕೆ ಮದ್ದು ಹದಿನೆಂಟ್ರಲ್ಲೂ ಇರ್ಲಿಲ್ಲ ಬಿಡಿ."

ಆಗ ನಾನು ಮಾಡಿದ ಪುಟ್ಟ ಭಾಷಣ ನನಗೆ ಚೆನ್ನಾಗಿ ನೆನಪಿದೆ. ಕಾಲಗಣನೆಯಲ್ಲಿ ಪ್ರಾದೇಶಿಕ ಭೇದಗಳು ಸಹಜವೆಂದೂ, ಜನರ ಆಚರಣೆ ಸ್ವತಃ ಒಂದು ಪ್ರಮಾಣವೆಂದೂ, ಸೊಸೆಯ ಕೈಯಿಂದ ಬಂದದ್ದಕ್ಕೆ ಮಾವನಾದವನು ಆಧಾರ ಕೇಳಬಾರದೆಂದೂ ಸಾವಕಾಶವಾಗಿ ನಿರೂಪಿಸಿ, ನನ್ನ ಆಕ್ಷೇಪವನ್ನು ಹಿಂತೆಗೆದುಕೊಂಡೆ. ಪಂಕ್ತಿ ಕಿವಿಗೊಟ್ಟು ಕೇಳಿತು. ಬೀಗಿತ್ತಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಿತ್ರಾಳ ಮುಖ ಅರಳಿತು. ಮರುದಿನ ಬೆಳಿಗ್ಗೆ ರಸೀದಿಯೂ ಕ್ರಮಬದ್ಧವಾಗಿಯೇ ಬಂತು. ಅದರ ಕೆಂಪು ಹದಿನೇಳರದ್ದೋ ಹದಿನೆಂಟರದ್ದೋ ಎಂದು ನಿರ್ಣಯಿಸಲು ಹೋಲಿಕೆಯ ಪ್ರತಿ ಲಭ್ಯವಿರಲಿಲ್ಲ. ಆ ವರ್ಷದಿಂದ ನಮ್ಮ ಒಲೆ ಎರಡು ಕಡೆಯ ಅಡುಗೆಯನ್ನೂ ಬಲ್ಲುದು. ಇದಕ್ಕೆಲ್ಲ ನನ್ನ ಆ ಭಾಷಣವೇ ಕಾರಣವೆಂದು ಸಿಕ್ಕವರಿಗೆಲ್ಲ ಹೇಳುತ್ತಾ ಬಂದಿದ್ದೇನೆ.

ಇಷ್ಟು ಬರೆದ ಮೇಲೆ, ಭಾಷಣದ ಪದಗಳನ್ನು ಯಥಾವತ್ತಾಗಿ ಉದ್ಧರಿಸಬೇಕೆಂದು ಮಂಜುವನ್ನು ವಿಚಾರಿಸಿದೆ. ಊಟಕ್ಕೆ ಬರಲಾಗದ ತನ್ನ ಮಾವನಿಗೆ ಕಳಿಸಲೆಂದು ಅವನು ಅಂದು ಫೋನಿನಲ್ಲಿ ವಿಡಿಯೋ ಹಿಡಿದಿದ್ದನಂತೆ. ಮೂರು ಸಲ ನೋಡಿದೆ. ಪಾರ್ವತಿಯ ಮಾತು ಮುಗಿಯುತ್ತಿದ್ದಂತೆ ನಾನು ಬಟ್ಟಲಿಗೆ ಬೆರಳದ್ದಿ ನೆಕ್ಕುತ್ತೇನೆ. ಆಮೇಲೆ ಬಟ್ಟಲೆತ್ತಿ ಒಂದೇ ಉಸಿರಿಗೆ ಮುಗಿಸಿ ಮುಂದಕ್ಕೆ ಚಾಚಿ, "ಇನ್ನೊಂದು ಸೌಟು ಹಾಕಮ್ಮ, ಮೇಲೆ ತುಪ್ಪ" ಎನ್ನುತ್ತೇನೆ. ಚಿತ್ರಾ ನಗುವುದು ಅಲ್ಲಿ. ಬೀಗಿತ್ತಿ ಕಣ್ಣೊರೆಸಿಕೊಳ್ಳುವುದೂ ನಿಜ, ಆದರೆ ನಕ್ಕು ನಕ್ಕು. ದಾಖಲೆ ಸ್ಪಷ್ಟವಾಗಿದೆ, ತಿದ್ದಿದ ಗುರುತುಗಳಿಲ್ಲ: ಭಾಷಣ ಮಾಡಿದೆನೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲ ಅಷ್ಟೂ ಹೊತ್ತು ನನ್ನ ಬಾಯಿ ತುಂಬಿತ್ತು.