ನನ್ನ ಅಕ್ಷರದ ಸಂದುಗಳು

ಅಕ್ಷರ ಇರುವುದು ಓದುವುದಕ್ಕೆ, ನೋಡುವುದಕ್ಕಲ್ಲ ಎಂದು ತಿಳಿದವರೇ ಲೋಕದಲ್ಲಿ ಹೆಚ್ಚು. ಅವರು ಸುಖಿಗಳು. ಬೋರ್ಡು ಓದಿ ಬಸ್ಸು ಹತ್ತುತ್ತಾರೆ. ನಾನು ಆ ಬೋರ್ಡಿನ 'ಳ' ಯಾಕೆ ಹೀಗೆ ಸೊಟ್ಟಗಿದೆ ಎಂದು ನೋಡುತ್ತ ನಿಂತು ಬಸ್ಸು ತಪ್ಪಿಸಿಕೊಳ್ಳುತ್ತೇನೆ. ಮೊದಲು ಬಳ್ಳಾರಿಯ ಅಂಗಡಿಗಳಿಗೆ ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದೆ. ಫ್ಲೆಕ್ಸ್ ಬಂದ ಮೇಲೆ ಪ್ರೆಸ್ಸೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತೆ. ಕೈ ಮಾತ್ರ ಸುಮ್ಮನಿರಲಿಲ್ಲ. ಒಂದು ದಿನ ಕುಡತಿನಿ ಕಡೆ ಹೋಗುವಾಗ ಮುಂದಿದ್ದ ಲಾರಿಯಲ್ಲಿ ದೊಡ್ಡ ಯಂತ್ರವೊಂದು ಕಂಡಿತು. ಅದರ ಮೈಮೇಲೆ ಇಂಗ್ಲಿಷ್ ಅಕ್ಷರಗಳು: ದಪ್ಪ, ಗಟ್ಟಿಮುಟ್ಟು, ನಡುನಡುವೆ ಸಂದು. ತಗಡಿನಲ್ಲಿ ಅಕ್ಷರ ಕೊರೆದು, ಮೇಲೆ ಬಣ್ಣ ಹಚ್ಚಿ, ತಗಡು ಎತ್ತಿದರೆ ಕೆಳಗೆ ಮೂಡುತ್ತದಲ್ಲ, ಆ ಜಾತಿಯವು. ಕನ್ನಡಕ್ಕೂ ಇಂಥದೊಂದು ಬೇಕು ಎಂಬ ಹುಳ ಅವತ್ತೇ ತಲೆಗೆ ಹೊಕ್ಕಿತು.

ತೊಂದರೆಯೆಂದರೆ ನಮ್ಮ ಅಕ್ಷರಗಳಿಗೆಲ್ಲ ದುಂಡು ಹೊಟ್ಟೆ. ತಗಡಿನಲ್ಲಿ 'ರ' ಕೊರೆದರೆ ಹೊಟ್ಟೆಯೊಳಗಿನ ತುಂಡು ಕಳಚಿ ಬೀಳುತ್ತದೆ. ಬಣ್ಣ ಹಚ್ಚಿದರೆ ಕರಿ ಉಂಡೆ ಮೂಡುತ್ತದೆ. ಅದು ಬೀಳದಂತೆ ಅಲ್ಲಲ್ಲಿ ತಗಡಿನ ಸಣ್ಣ ಪಟ್ಟಿ ಉಳಿಸಬೇಕು. ಆ ಪಟ್ಟಿಯೇ ಅಕ್ಷರದಲ್ಲಿ ಸಂದಾಗಿ ಕಾಣುತ್ತದೆ. ಸಂದು ಎಲ್ಲಿರಬೇಕು, ಎಷ್ಟು ಅಗಲ ಇರಬೇಕು ಎನ್ನುವುದರಲ್ಲೇ ಕಲೆಯೆಲ್ಲ ಇದೆ ಎಂದು ನಾನು ನಂಬಿದವನು. ಪಾರ್ವತಿನಗರದ ನಮ್ಮ ಪುಟ್ಟ ಮನೆ ರಟ್ಟು, ತಗಡಿನ ಚೂರುಗಳಿಂದ ತುಂಬಿತು. ಅದನ್ನೆಲ್ಲ ಗುಡಿಸುತ್ತಿದ್ದ ನನ್ನ ಹೆಂಡತಿ ಶಾಹೀನ ಒಮ್ಮೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ಅಲ್ರೀ, ಬರಿಯೋದು ಬರೀತೀರಿ, ಪೂರ್ತಿ ಬರಿಯಾಕ ಏನಾಗೈತಿ ನಿಮಗ?"

ಕಲೆಗಾರರಿಗೆ ಮನೆಯಲ್ಲಿ ಮರ್ಯಾದೆ ಕಡಿಮೆ. ಹಾಗೆಂದು ಹೊರಗೆ ಜಾಸ್ತಿ ಇತ್ತೆಂದಲ್ಲ. ಕುರುಗೋಡಿನಲ್ಲಿ ಶಾಮಿಯಾನ, ಕುರ್ಚಿ ಬಾಡಿಗೆಗೆ ಕೊಡುವ ನನ್ನ ಭಾವನ ಕುರ್ಚಿಗಳಿಗೆ ಊರ ಹೆಸರು ಹೊಡೆದುಕೊಟ್ಟೆ. ಎಲ್ಲರಿಗೂ ಕಾಣಲಿ ಎಂದು ಬೆನ್ನು ಆನಿಸುವ ಕಡೆಗೇ ಹೊಡೆದೆ. ಬಣ್ಣ ಆರುವ ಮೊದಲೇ ಭಾವ ಅವನ್ನು ಮದುವೆಗೆ ಕಳಿಸಿಬಿಟ್ಟ. ಬಿಳಿ ಅಂಗಿ ತೊಟ್ಟು ಬಂದ ಬೀಗರೆಲ್ಲ ಬೆನ್ನ ಮೇಲೆ ಕುರುಗೋಡನ್ನು ಉಲ್ಟಾ ಹೊತ್ತುಕೊಂಡು ಊಟಕ್ಕೆ ಎದ್ದರು. ದಪ್ಪ ಅಕ್ಷರವಾದ್ದರಿಂದ ದೂರದಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತಂತೆ. ಭಾವ ಅದನ್ನು ಬೈಗುಳವಾಗಿ ಹೇಳಿದ, ನಾನು ಹೊಗಳಿಕೆ ಎಂದುಕೊಂಡೆ.

ನನ್ನ ಆಸೆ ದೊಡ್ಡದೇನಲ್ಲ. ನನ್ನ ಅಕ್ಷರ ಲಾರಿ ಹತ್ತಿ ಊರೂರು ತಿರುಗಬೇಕು, ಗುರುತಿಲ್ಲದ ಯಾರೋ ಅದನ್ನು ನೋಡಬೇಕು, ಅಷ್ಟೆ. ಅದಕ್ಕೆ ಸಿರುಗುಪ್ಪದ ಅಕ್ಕಿ ಗಿರಣಿಯ ಶರಣಪ್ಪನವರನ್ನು ಹಿಡಿದೆ. ಅವರ ಚೀಲಗಳ ಮೇಲೆ ತೀರಿಹೋದ ತಂದೆ ವೀರಭದ್ರಪ್ಪನವರ ಹೆಸರಿರುತ್ತದೆ. ನನ್ನ ತಗಡಿನಿಂದ ಮಾದರಿ ಹೊಡೆದು ತೋರಿಸಿದೆ. ಅವರು ಅಕ್ಷರದ ಮೇಲೆಲ್ಲ ಬೆರಳಾಡಿಸಿ ನೋಡಿದರು.

"ಅಕ್ಷರ ಗಟ್ಟಿ ಅದಾವು ಸಾಬ್ರೇ. ಆದ್ರ ನಮ್ಮಪ್ಪನ್ನ ಅಲ್ಲಲ್ಲಿ ಕಡದೀರಲ್ರಿ."

ಸಂದಿನ ಸೌಂದರ್ಯದ ಬಗ್ಗೆ ಗಂಟಲು ಒಣಗುವವರೆಗೂ ಹೇಳಿದೆ. ಕೊನೆಗೆ ಅವರು, "ಆತು, ಒಂದು ಲೋಡು ಹೊಡಿಸಿ ನೋಡೂಣು. ಚಂದ ಕಂಡ್ರ ಮುಂದನೂ ಇದ. ಇಲ್ಲಾಂದ್ರ ನಮ್ಮ ಹಳೇದ ಇರ್ಲಿ" ಎಂದರು. ಅಂದರೆ ನನ್ನ ಅಕ್ಷರದ ಹಣೆಬರಹ ಆ ಒಂದು ಲೋಡಿನಲ್ಲಿತ್ತು.

ತಗಡು ಅಲ್ಲೇ ಬಿಟ್ಟು ಬಂದ ಮೇಲೆ ಎರಡು ದಿನ ಊಟ ಸೇರಲಿಲ್ಲ. ಆಮೇಲೆ ಶರಣಪ್ಪನವರ ಫೋನು ಬಂತು. "ಭಾಳ ಚಲೋ ಬಂದೈತ್ರಿ, ಬಂದು ನೋಡ್ರಿ. ಇನ್ನ ಮ್ಯಾಲೆ ಇದ." ಮೊದಲ ಬಸ್ಸಿಗೇ ಸಿರುಗುಪ್ಪಕ್ಕೆ ಓಡಿದೆ. ಗಿರಣಿಯ ಅಂಗಳದಲ್ಲಿ ಚೀಲಗಳ ಸಾಲು, ಪ್ರತಿ ಚೀಲದ ಮೇಲೂ ದಪ್ಪಗೆ ವೀರಭದ್ರಪ್ಪ. ಹತ್ತಿರ ಹೋದೆ. ಎಲ್ಲಿ ಹುಡುಕಿದರೂ ಒಂದೂ ಸಂದಿಲ್ಲ. ಎಲ್ಲವನ್ನೂ ಯಾರೋ ನೀಟಾಗಿ ತುಂಬಿದ್ದರು. ಚೀಲದ ಬಾಯಿ ಹೊಲಿಯುವ ಹುಲಿಗೆಮ್ಮ ನಗುತ್ತ ಎದ್ದು ಬಂದಳು.

"ನಿಮ್ಮ ತಗಡಿನಾಗ ಬಣ್ಣ ಅಲ್ಲಲ್ಲಿ ಹತ್ತವಲ್ದಾಗಿತ್ರಿ ಸಾಬ್ರೇ. ಹಿರೇರ ಹೆಸರು, ಹಂಗ ಹರಕು ಮಾಡಿ ಪರ ಊರಿಗೆ ಕಳಿಸಾಕ ಆಗ್ತೈತೇನ್ರಿ? ನಾವೆಲ್ಲ ಕುಂತು ಸಣ್ಣ ಕುಂಚ ತಗೊಂಡು ತುಂಬಿದ್ವಿ. ನೀವೇನೂ ಬ್ಯಾಸರ ಮಾಡ್ಕೋಬ್ಯಾಡ್ರಿ, ಯಾರ ಕೈಯಾಗಾದ್ರೂ ತಪ್ಪು ಆಗ್ತಾವು."

ಅದು ತಪ್ಪಲ್ಲ, ಬೇಕೆಂದೇ ಬಿಟ್ಟ ಸಂದು ಎನ್ನಲು ಹೊರಟೆ. ಆದರೆ ಅವಳ ಜೊತೆ ಚೀಲ ಹೊಲಿಯುತ್ತಿದ್ದ ಹೆಂಗಸರೆಲ್ಲ ಕೆಲಸ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದರು. "ಚಲೋ ಆಗೈತವ್ವ" ಎಂದೆ. ಅವರು ಕೊಟ್ಟ ಚಹಾ ಕುಡಿದೆ. ಮೂಲೆಯಲ್ಲಿ ಒಂದು ಹರಿದ ಚೀಲ ಬಿದ್ದಿತ್ತು. ಹರಿದದ್ದಕ್ಕೆ ಅದರ ಅಕ್ಷರ ತುಂಬುವ ಗೋಜಿಗೆ ಯಾರೂ ಹೋಗಿರಲಿಲ್ಲ. ನನ್ನ ಸಂದುಗಳೆಲ್ಲ ಅದರಲ್ಲಿ ಹಾಗೇ ಇದ್ದವು. ಕೇಳಿ ಪಡೆದು, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದೆ.

ಮನೆಯಲ್ಲಿ ಅದನ್ನು ನೆಲದ ಮೇಲೆ ಹಾಸಿ ನೋಡುತ್ತ ಕೂತಿದ್ದೆ. ಶಾಹೀನ ಅಡುಗೆಮನೆಯಿಂದ ಬಂದಳು. ನಡೆದದ್ದನ್ನೆಲ್ಲ ಹೇಳಿದೆ. ಅವಳು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಪಾಪ, ಇದೊಂದು ಬಿಟ್ಟಾರ" ಎಂದವಳೇ ಕಪ್ಪು ಬಣ್ಣದ ಡಬ್ಬಿ, ಕುಂಚ ತಂದು ನನ್ನ ಪಕ್ಕದಲ್ಲೇ ಕೂತಳು. ತಡೆಯಬೇಕೆಂದು ಬಾಯಿ ತೆರೆದೆ. ಆದರೆ ಇಷ್ಟು ದಿನದಲ್ಲಿ ನನ್ನ ಅಕ್ಷರದ ಹತ್ತಿರ ಅವಳು ಪೊರಕೆಯಿಲ್ಲದೆ ಕೂತದ್ದು ಇದೇ ಮೊದಲು. ನನಗೆ ಖುಷಿಯಾಗಿಬಿಟ್ಟಿತ್ತು, ಸುಳ್ಳು ಯಾಕೆ ಹೇಳಲಿ. ನಾಲಿಗೆ ತುದಿ ಕಚ್ಚಿಕೊಂಡು ಒಂದೊಂದೇ ಸಂದು ತುಂಬಿದಳು. ಮುಗಿಯಿತೆಂದು ಕುಂಚ ಇಟ್ಟು ಏಳಹೊರಟಳು. ನಾನೇ ಬಗ್ಗಿ, 'ಭ'ದ ಬುಡದಲ್ಲಿ ಬೆರಳಿಟ್ಟು ಹೇಳಿದೆ: "ಇಲ್ಲೊಂದು ಉಳದೈತಿ ನೋಡು."